ಆನ್‌ಲೈನ್ ಹರಾಜಿನಲ್ಲಿ ಹಳೆಯ ಗಾಳದ ರೀಲು: ಫೋಟೊ ಓದುವುದರಿಂದ ಪೆಟ್ಟಿಗೆಯಲ್ಲಿಡುವ ತನಕ

ಗಾಳದ ಕೋಲಿಗೆ ಕೂರಿಸಿ ದಾರ ಸುತ್ತುವ ಹಳೆಯ ರೀಲನ್ನು ಅಂಗಡಿಯಲ್ಲಿ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬಹುದು, ಒಂದು ಸುತ್ತು ತಿರುಗಿಸಿ ಟಿಕ್‌ಟಿಕ್ ಸದ್ದು ಕೇಳಬಹುದು, ಕೋಲಿಗೆ ಕೂರುವ ಅದರ ಪಾದದ ಅಂಚಿನ ಮೇಲೆ ಬೆರಳಾಡಿಸಬಹುದು. ಆನ್‌ಲೈನ್ ಹರಾಜಿನಲ್ಲಿ ಇದ್ಯಾವುದಕ್ಕೂ ಅವಕಾಶವಿಲ್ಲ. ಆರೆಂಟು ಫೋಟೊ, ನಾಲ್ಕು ಸಾಲು ವಿವರಣೆ, ಅಷ್ಟೇ ನಿಮ್ಮ ಮುಂದಿರುವುದು. ಮಾರುವವರಲ್ಲಿ ಬಹಳಷ್ಟು ಜನ ಮನೆ ಖಾಲಿ ಮಾಡುವವರು, ತಾತನ ಪೆಟ್ಟಿಗೆ ತೆರೆದವರು. ಅವರಿಗೆ ವಸ್ತುವಿನ ಬಗ್ಗೆ ಹೆಚ್ಚೇನೂ ಗೊತ್ತಿರುವುದಿಲ್ಲ, ಆದ್ದರಿಂದ ಮೋಸದ ಉದ್ದೇಶವಿಲ್ಲದೆಯೂ ವಿವರಣೆ ತಪ್ಪಿರುತ್ತದೆ. ಹಾಗಾಗಿ ಈ ಹವ್ಯಾಸದಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಫೋಟೊ ಓದುವುದು. ಬಿಡ್ ಹಾಕುವ ಚಾಕಚಕ್ಯತೆ ಆಮೇಲೆ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಬ್ರಿಟಿಷ್ ರೀಲುಗಳ ಬಗ್ಗೆ, ಅದರಲ್ಲೂ ಹಾರ್ಡಿ ಕಂಪನಿಯ ರೀಲುಗಳ ಬಗ್ಗೆ. ನಮ್ಮ ಕಡೆಯ ಸಂಗ್ರಾಹಕರಿಗೆ ಇದರ ಜೊತೆ ನಿಜವಾದ ನಂಟೂ ಇದೆ. ಕಾವೇರಿ, ಕಬಿನಿಗಳ ಮಹಶೀರ್ ಮೀನಿಗಾಗಿ ಬ್ರಿಟಿಷ್ ಅಧಿಕಾರಿಗಳೂ ಕಾಫಿ ತೋಟದ ದೊರೆಗಳೂ ಈ ರೀಲುಗಳನ್ನು ಹೊತ್ತು ತಂದರು. ನದಿ ದಂಡೆಯವರು ಬಿಳಿಮೀನು ಅನ್ನುವುದು ಇದನ್ನೇ. 1946ರಲ್ಲಿ ಮೈಸೂರು ಸೀಮೆಯಲ್ಲಿ ಡಿ ವೆಟ್ ವಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೊ. ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಇಂಗ್ಲೆಂಡಿನ ಹರಾಜಿನಲ್ಲಿ ಕಾಣುವ ದೊಡ್ಡ ಗಾತ್ರದ ರೀಲುಗಳಲ್ಲಿ ಕೆಲವು ಒಂದು ಕಾಲದಲ್ಲಿ ಈ ನೀರು ಕಂಡು ಹಿಂತಿರುಗಿದವು.

ಮೊದಲ ಆರು ತಿಂಗಳು: ಕೊಳ್ಳದೆ ನೋಡುವುದು

ಒಂದು ಕಂಪನಿ, ಅದರಲ್ಲೂ ಒಂದೆರಡು ಮಾದರಿ ಆರಿಸಿಕೊಳ್ಳಿ. ಎಲ್ಲವನ್ನೂ ಸಂಗ್ರಹಿಸಲು ಹೊರಟವರ ಕಪಾಟು ಬೇಗ ತುಂಬುತ್ತದೆ, ಕಣ್ಣು ಮಾತ್ರ ಪಳಗುವುದಿಲ್ಲ. ಹಾರ್ಡಿ ಸಹೋದರರ ಕಂಪನಿ 1872ರಲ್ಲಿ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಕೌಂಟಿಯ ಆನಿಕ್ ಊರಿನಲ್ಲಿ ಶುರುವಾಯಿತು. ರೀಲಿನ ಮೇಲಿನ ಇಂಗ್ಲಿಷ್ ಬರಹವನ್ನು ಅಕ್ಷರ ಅಕ್ಷರವಾಗಿ ಓದಿದರೆ ‘ಆಲ್ನ್‌ವಿಕ್’ ಎಂದಾಗುತ್ತದೆ, ಆದರೆ ಅಲ್ಲಿಯವರ ಬಾಯಲ್ಲಿ ಅದು ಆನಿಕ್. ಅವರ ‘ಪರ್ಫೆಕ್ಟ್’ ರೀಲು ಮಾರಾಟಕ್ಕೆ ಬಂದದ್ದು 1891ರಲ್ಲಿ. ದಾರ ಸುತ್ತಿಕೊಳ್ಳುವ ಡ್ರಮ್ಮು ಬಾಲ್ ಬೇರಿಂಗಿನ ಮೇಲೆ ತಿರುಗುವುದೇ ಅದರ ವೈಶಿಷ್ಟ್ಯ. ‘ಸೈಲೆಕ್ಸ್’ 1896ರದು, ‘ಯುನೀಕ್ವಾ’ 1903ರದು, ‘ಸೇಂಟ್ ಜಾರ್ಜ್’ 1911ರದು, ಬೇಲ್, ಅಂದರೆ ದಾರ ಹಿಡಿದು ಸುತ್ತಿಸುವ ತಂತಿಯ ಕಮಾನು ಇರುವ ಸ್ಪಿನ್ನಿಂಗ್ ರೀಲು ‘ಆಲ್ಟೆಕ್ಸ್’ 1932ರದು, ‘ಲೈಟ್‌ವೆಯ್ಟ್’ ಸಾಲು 1936ರದು.

ಕೈ ಪಳಗಿಸಲು ಹಾರ್ಡಿಯಿಂದಲೇ ಶುರು ಮಾಡಬೇಕಿಲ್ಲ. ರೆಡಿಚ್ ಊರಿನ ಜೆ. ಡಬ್ಲ್ಯು. ಯಂಗ್ ಕಂಪನಿಯ ಪ್ರೈಡೆಕ್ಸ್, ಬ್ಯೂಡೆಕ್ಸ್, ಕಾಂಡೆಕ್ಸ್ ರೀಲುಗಳು ಗಟ್ಟಿ ಕೆಲಸದವು, ಹೇರಳವಾಗಿ ಸಿಗುತ್ತವೆ, ಹಾರ್ಡಿಯ ಬೆಲೆಯ ಒಂದು ಸಣ್ಣ ಪಾಲಿಗೆ ಬರುತ್ತವೆ. ಅಮೆರಿಕದ ಕಡೆಯಿಂದ ಬೇಕಿದ್ದರೆ ಪ್ಲೂಗರ್ ಮೆಡಲಿಸ್ಟ್. ಇಂಥ ಒಂದೆರಡು ರೀಲು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ ಮೇಲೆ ಫೋಟೊದಲ್ಲಿ ಏನು ಹುಡುಕಬೇಕೆಂದು ತಾನಾಗಿ ಗೊತ್ತಾಗುತ್ತದೆ. ಅಮೆರಿಕದ ಶೇಕ್ಸ್‌ಪಿಯರ್ ಕಂಪನಿಯ ಹಳೆಯ ರೀಲುಗಳಲ್ಲಿ ವರ್ಷ ಪತ್ತೆಹಚ್ಚುವುದು ಸುಲಭ. ಮಾದರಿ ಸಂಖ್ಯೆಯ ಪಕ್ಕ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಕೆ ಅಂದರೆ 1, ಜೆ 2, ಎಚ್ 3, ಜಿ 4, ಎಫ್ 5, ಇ 6, ಡಿ 7, ಸಿ 8, ಬಿ 9, ಎ ಸೊನ್ನೆ. ಜಿ ಮತ್ತು ಇ ಇದ್ದರೆ 46, ಅಂದರೆ 1946ರ ಮಾದರಿ.

ನೋಡುವ ಕ್ರಮ ಹೀಗಿರಲಿ. ಇಬೇ ಎಂಬ ಹರಾಜು ತಾಣದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆಯನ್ನು ಒತ್ತಿದರೆ ಸುಮಾರು 90 ದಿನಗಳ ಹಿಂದಿನವರೆಗೆ ನಿಜಕ್ಕೂ ಬಂದ ಬೆಲೆ ಕಾಣುತ್ತದೆ. ಮಾರುವವರು ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಯಾರು ಎಷ್ಟಾದರೂ ಕೇಳಬಹುದು. ಒಂದೇ ಮಾದರಿ, ಒಂದೇ ಗಾತ್ರದ ಇಪ್ಪತ್ತು ಮಾರಾಟಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದರ ಊನವನ್ನೂ ಬರೆಯಿರಿ. ಹತ್ತು ಸಾಲು ತುಂಬುವಷ್ಟರಲ್ಲಿ ಯಾವ ಊನಕ್ಕೆ ಎಷ್ಟು ಬೆಲೆ ಕಡಿಮೆಯಾಗುತ್ತದೆ ಎಂಬ ಅಂದಾಜು ಬರುತ್ತದೆ. ಈ ಹಾಳೆಯಷ್ಟು ಬೆಲೆಬಾಳುವ ಸಾಮಾನು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

ಹುಡುಕುವಾಗ ತಪ್ಪು ಕಾಗುಣಿತವನ್ನೂ ಹಾಕಿ ನೋಡಿ. ಹಾರ್ಡಿ, ಆಲ್ಕಾಕ್, ಫಾರ್ಲೋ, ಮ್ಯಾಲಕ್ ಈ ಕಂಪನಿಗಳ ಹೆಸರುಗಳನ್ನು ಜನ ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಲ್ಲಿ ತಪ್ಪಾಗಿ ಬರೆಯುತ್ತಾರೆ, ಅಂಥ ಕಡೆ ಬಿಡ್ ಹಾಕುವವರೂ ಕಡಿಮೆ. ‘ತಾತನ ಮೀನಿನ ಸಾಮಾನು’, ‘ಹಳೆ ಹಿತ್ತಾಳೆ ಚಕ್ರ’ ಎಂಬಂಥ ಅಂದಾಜಿನ ಶೀರ್ಷಿಕೆಗಳಲ್ಲೂ ಒಳ್ಳೆಯ ವಸ್ತು ಅಡಗಿರುತ್ತದೆ.

ಫೋಟೊ ಓದುವ ಬಗೆ

ಪಾದದಿಂದ ಶುರು ಮಾಡಿ. ರೀಲನ್ನು ಕೋಲಿಗೆ ಕೂರಿಸುವ ಉದ್ದನೆಯ ತಗಡೇ ಪಾದ. ಒಂದೊಂದು ಕಂಪನಿಯ ಕೋಲಿನ ಹಿಡಿ ಒಂದೊಂದು ಅಳತೆಯದಾಗಿತ್ತು. ತಮ್ಮ ಕೋಲಿಗೆ ರೀಲು ಕೂರದಿದ್ದಾಗ ಹಿಂದಿನ ಮಾಲೀಕರು ಪಾದದ ತುದಿಗೆ ಅರ ಹಾಕಿ ತಿಕ್ಕಿ ಸಣ್ಣ ಮಾಡಿಕೊಳ್ಳುತ್ತಿದ್ದರು. ಅವರಿಗೆ ಅದು ಬಳಕೆಯ ವಸ್ತು, ತಪ್ಪೇನೂ ಇರಲಿಲ್ಲ. ಇವತ್ತು ಅದೇ ಕಾರಣಕ್ಕೆ ಬೆಲೆ ದೊಡ್ಡ ಮಟ್ಟದಲ್ಲಿ ಬೀಳುತ್ತದೆ, ಏಕೆಂದರೆ ತಿಕ್ಕಿ ಹೋದ ಲೋಹ ಮರಳಿ ಬರುವುದಿಲ್ಲ. ಗುರುತು ಹಿಡಿಯುವುದು ಹೀಗೆ: ಅಸಲಿ ಪಾದದ ಎರಡೂ ತುದಿ ಒಂದೇ ಉದ್ದ, ಒಂದೇ ಅಗಲ, ಒಂದೇ ಇಳಿಜಾರು. ತಿಕ್ಕಿದ್ದರೆ ಒಂದು ತುದಿ ಮೊಂಡಾಗಿರುತ್ತದೆ, ಅಥವಾ ಅಂಚಿನಲ್ಲಿ ಒಂದೇ ದಿಕ್ಕಿನ ಸಣ್ಣ ಗೀರುಗಳು ಸಾಲಾಗಿರುತ್ತವೆ, ಆ ಜಾಗದ ಬಣ್ಣ ಉಳಿದ ಕಡೆಗಿಂತ ತಿಳಿಯಾಗಿರುತ್ತದೆ. ಪಾದಕ್ಕೆ ಹೆಚ್ಚುವರಿ ತೂತು ಕೊರೆದಿದ್ದರೆ ಯಾರೋ ಅದನ್ನು ಕೋಲಿಗೆ ಸ್ಕ್ರೂ ಹಾಕಿ ಬಿಗಿದಿದ್ದರು ಎಂದರ್ಥ. ಮಾರುವವರ ಫೋಟೊಗಳಲ್ಲಿ ಪಾದ ಕಾಣದಂತೆ ರೀಲನ್ನು ಮಲಗಿಸಿಯೇ ತೆಗೆದಿದ್ದರೆ, ಕೇಳಿ ತರಿಸಿಕೊಳ್ಳುವ ತನಕ ಬಿಡ್ ಹಾಕಬೇಡಿ.

ಪರ್ಫೆಕ್ಟ್ ರೀಲಿನಲ್ಲಿ ಪಾದ ಕಾಲವನ್ನೂ ಹೇಳುತ್ತದೆ. ಹಳೆಯವುಗಳಿಗೆ ನುಣುಪಾದ ಹಿತ್ತಾಳೆ ಪಾದ, ಆಮೇಲಿನವುಗಳಿಗೆ ಗೆರೆಗೆರೆಯಾದ ಹಿತ್ತಾಳೆ ಪಾದ, ಎರಡನೆಯ ಮಹಾಯುದ್ಧದ ನಂತರದವುಗಳಿಗೆ ಮಿಶ್ರಲೋಹದ ಪಾದ. ಮುಖ ಫಲಕ ಹಳೇ ಕಾಲದ್ದು, ಪಾದ ಹೊಸ ಕಾಲದ್ದು ಅಂತ ಕಂಡರೆ ಎರಡು ರೀಲುಗಳನ್ನು ಸೇರಿಸಿ ಒಂದು ಮಾಡಿದ್ದಾರೆ ಅಥವಾ ಪಾದ ಬದಲಾಗಿದೆ. ಪಾದ ಜೋಡಿಸಿದ ರಿವೆಟ್ಟುಗಳ ತಲೆ ನೋಡಿ. ಬದಲಾದ ಪಾದದ ರಿವೆಟ್ ಹೊಳೆಯುತ್ತಿರುತ್ತದೆ, ಸುತ್ತ ಸುತ್ತಿಗೆಯ ಏಟಿನ ಗುರುತಿರುತ್ತದೆ.

ಎರಡನೆಯದು ಸ್ಕ್ರೂ ತಲೆಗಳು. ಫೋಟೊವನ್ನು ಆದಷ್ಟು ಹಿಗ್ಗಿಸಿ. ಸೀಳು ನೇರವಾಗಿ, ಅಂಚು ಚೂಪಾಗಿ ಇದ್ದರೆ ಒಳಗೆ ಯಾರೂ ಬೇಕಾಬಿಟ್ಟಿ ಕೈ ಹಾಕಿಲ್ಲ. ಸೀಳು ಅಗಲವಾಗಿ ಹರಿದಿದ್ದರೆ ತಪ್ಪು ಅಳತೆಯ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿದ್ದಾರೆ. ಹಾಗಿದ್ದರೆ ಒಳಗಿನ ಚೆಕ್ ಕೂಡ ಅಸಲಿ ಅಲ್ಲದಿರಬಹುದು. ಡ್ರಮ್ಮು ತಿರುಗುವಾಗ ಟಿಕ್‌ಟಿಕ್ ಅನ್ನುತ್ತ ಅದನ್ನು ತಡೆಯುವ ಸ್ಪ್ರಿಂಗು ಮತ್ತು ನಾಲಿಗೆಯ ಜೋಡಣೆಗೇ ಚೆಕ್ ಎನ್ನುವುದು. ಪರ್ಫೆಕ್ಟಿನ ಚೆಕ್ ಕಾಲದಿಂದ ಕಾಲಕ್ಕೆ ಬದಲಾಗಿದೆ. ಸಂಗ್ರಾಹಕರು 1896ರ ಚೆಕ್, 1906ರ ಚೆಕ್, 1912ರ ಚೆಕ್, 1917ರ ಚೆಕ್ ಎಂದು ಇಸವಿಯ ಮೇಲೆಯೇ ಕರೆಯುತ್ತಾರೆ. ಅದರ ನಂತರ ಬಂದದ್ದು ‘ಡ್ಯುಪ್ಲಿಕೇಟೆಡ್ ಮಾರ್ಕ್ 2’. ಅದರ ಭಾಗಗಳು ಒಂದರಿಂದ ಒಂದಕ್ಕೆ ಹೊಂದುವಂಥವು, ಅದರ ಮೊಟಕು ರೂಪ ರೀಲಿನ ಮೇಲೆಯೇ ಅಚ್ಚೊತ್ತಿರುತ್ತದೆ. ಒಳಗಿನ ಫೋಟೊ ಸಿಕ್ಕರೆ ಕಾಲ ನಿರ್ಣಯದಲ್ಲಿ ಅರ್ಧ ಕೆಲಸ ಮುಗಿದಂತೆ. ಒಳಗೆ ಹಿಂಬದಿಯಲ್ಲಿ ಜೋಡಿಸಿದ ಕೆಲಸಗಾರ ಒತ್ತಿದ ತನ್ನ ಹೆಸರಿನ ಮೊದಲಕ್ಷರಗಳೂ ಕಾಣಬಹುದು. ಅಕ್ಕಿಕಾಳಿನಷ್ಟು ಚಿಕ್ಕವು, ಸ್ವಲ್ಪ ಓರೆಯಾಗಿ ಬಿದ್ದಿರುತ್ತವೆ. ಆನಿಕ್ಕಿನ ಬೆಂಚಿನ ಮುಂದೆ ಕೂತು ಅದನ್ನು ಜೋಡಿಸಿದವನ ಕೈಗುರುತು ಅದು. ಯಾರೂ ಉಜ್ಜಿ ಅಳಿಸದೆ ಉಳಿದಿದ್ದರೆ ಅದೊಂದು ಸಂತೋಷ.

ಮೂರನೆಯದು ಮೇಲ್ಮೈ. ಫಳಫಳ ಹೊಳೆಯುವ ಹಿತ್ತಾಳೆ ಹೊಸಬರನ್ನು ಸೆಳೆಯುತ್ತದೆ, ಹಳಬರನ್ನು ದೂರ ಮಾಡುತ್ತದೆ. ಹಳೆಯ ಹಿತ್ತಾಳೆ ಭಾಗಗಳಿಗೆ ಕಾರ್ಖಾನೆಯಲ್ಲೇ ಕಂಚಿನ ಬಣ್ಣದ ಲೇಪ ಕೊಟ್ಟಿರುತ್ತಿದ್ದರು. ಮಿಶ್ರಲೋಹದ ಭಾಗಗಳಿಗೆ ಸೀಸದ ಛಾಯೆಯ ಕಡು ಬೂದು ಲೇಪ. ಇದು ಕೈ ತಾಗುವ ಅಂಚುಗಳಲ್ಲಿ ಸವೆದು, ತಗ್ಗುಗಳಲ್ಲಿ ಉಳಿದಿರಬೇಕು. ಎಲ್ಲ ಕಡೆ ಒಂದೇ ಸಮನಾಗಿ ಹೊಳೆದರೆ ಪಾಲಿಶ್ ಮಾಡಿದ್ದಾರೆ. ಎಲ್ಲ ಕಡೆ ಒಂದೇ ಸಮನಾಗಿ ಕಪ್ಪಾಗಿದ್ದರೆ ಮತ್ತೆ ಬಣ್ಣ ಹಚ್ಚಿದ್ದಾರೆ. ಅಕ್ಷರಗಳ ಹಳ್ಳದೊಳಗೂ ನೋಡಿ. ನೂರು ವರ್ಷದ ಕೊರೆತದಲ್ಲಿ ಕಪ್ಪು ಕೂತಿರುತ್ತದೆ, ಅಂಚು ಮೊಂಡಾಗಿರುತ್ತದೆ. ಇತ್ತೀಚೆಗೆ ಕೊರೆದ ಅಕ್ಷರದ ತಳ ಹೊಳೆಯುತ್ತದೆ, ಅಂಚು ಚೂಪಾಗಿ ಎದ್ದಿರುತ್ತದೆ. ಪೂರ್ತಿ ಹಿತ್ತಾಳೆಯ ಪರ್ಫೆಕ್ಟಿಗೆ ದೊಡ್ಡ ಬೆಲೆ ಇರುವುದರಿಂದ ನಕಲು ಮಾಡುವವರ ಕಣ್ಣೂ ಅದರ ಮೇಲೇ. ಅಲಂಕಾರಕ್ಕೆಂದೇ ಹೊಸದಾಗಿ ಮಾಡಿದ ಹಿತ್ತಾಳೆ ರೀಲುಗಳೂ ‘ಪುರಾತನ’ ಎಂಬ ಹೆಸರಿನಲ್ಲಿ ಓಡಾಡುತ್ತವೆ. ಅವುಗಳಲ್ಲಿ ಎರಕದ ಸಣ್ಣ ಗುಳಿಗಳು, ದಪ್ಪನೆಯ ಅಂಚು, ಆಡುವ ಡ್ರಮ್ಮು ಕಾಣುತ್ತವೆ.

ಉಳಿದವು ಬೇಗ ಮುಗಿಯುತ್ತವೆ. ಹಿಡಿಗುಬ್ಬಿ ದಂತದಂತೆ ಕಾಣುವ ಐವರೀನ್ ಎಂಬ ಹಳೆಯ ಪ್ಲಾಸ್ಟಿಕ್ಕಿನದಾಗಿದ್ದರೆ ಹಳದಿಗೆ ತಿರುಗುವುದು ಸಹಜ, ಬಿರುಕು ಬಿಟ್ಟರೆ ಊನ. ದಾರ ಹೊರಬರುವಲ್ಲಿ ಅಗೇಟ್ ಕಲ್ಲಿನ ಬಳೆ ಇದ್ದರೆ ಅದರಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ, ಅದರ ಮೇಲೆ ಉಜ್ಜಿದ ದಾರ ತುಂಡಾಗುತ್ತದೆ. ಅಂಚಿನ ಸುತ್ತ ಎಲ್ಲಾದರೂ ತಗ್ಗಿದ್ದರೆ ಬಿದ್ದ ರೀಲು, ಡ್ರಮ್ಮು ಉಜ್ಜುತ್ತಿರುತ್ತದೆ. ಹಳೆಯ ರೇಷ್ಮೆ ದಾರ ಇನ್ನೂ ಸುತ್ತಿಕೊಂಡಿದ್ದರೆ ಅಂದವೇನೋ ಹೌದು, ಆದರೆ ತೇವ ಹಿಡಿದ ದಾರದ ಕೆಳಗೆ ಡ್ರಮ್ಮಿನ ಲೋಹ ಗುಳಿಬಿದ್ದಿರಬಹುದು. ಗಾತ್ರವನ್ನು ಅಳತೆಪಟ್ಟಿಯ ಜೊತೆಗಿನ ಫೋಟೊ ಇಲ್ಲದೆ ನಂಬಬೇಡಿ. ಪರ್ಫೆಕ್ಟಿನಲ್ಲಿ 2 5/8 ಮತ್ತು 2 7/8 ಇಂಚಿನವು ಅಪರೂಪ, ದುಬಾರಿ. 3 3/8ರಿಂದ 4 ಇಂಚಿನವರೆಗಿನವು ಹೆಚ್ಚು ಸಿಗುತ್ತವೆ.

ಸೀಳು ಬಿದಿರಿನ ಕೋಲು ಕೊಳ್ಳುವವರಿಗೆ ಇಷ್ಟು ಸಾಕು: ಎಲ್ಲ ತುಂಡುಗಳನ್ನು ಅಕ್ಕಪಕ್ಕ ಇಟ್ಟ ಫೋಟೊ ಕೇಳಿ. ಉದ್ದ ಸಮ ಇರಬೇಕು. ತುದಿ ತುಂಡು ಎರಡು ಇಂಚು ಗಿಡ್ಡವಿದ್ದರೆ ಮುರಿದು ಮತ್ತೆ ಕಟ್ಟಿದ್ದು. ಆರು ಸೀಳುಗಳ ಅಂಟು ಬಿಟ್ಟ ಕಡೆ ಕಪ್ಪು ಗೆರೆ ಕಾಣುತ್ತದೆ.

ಮಾರುವವರಿಗೆ ಬರೆಯುವುದು

ಚಿಕ್ಕದಾಗಿ, ಮರ್ಯಾದೆಯಿಂದ, ಒಮ್ಮೆಗೇ ಬರೆಯಿರಿ. ಐದು ಫೋಟೊ ಕೇಳಿ: ಪಾದ ಕೆಳಗಿನಿಂದ ಅಳತೆಪಟ್ಟಿಯ ಜೊತೆ, ಪಾದ ಪಕ್ಕದಿಂದ, ಮುಖ ಫಲಕ ನೇರವಾಗಿ, ಹಿಂಬದಿ ನೇರವಾಗಿ, ಡ್ರಮ್ಮು ತೆಗೆದ ಮೇಲೆ ಒಳಭಾಗ. ಜೊತೆಗೆ ಹತ್ತು ಸೆಕೆಂಡಿನ ವಿಡಿಯೊ, ಸದ್ದು ಸಮೇತ, ಡ್ರಮ್ಮು ಎರಡೂ ದಿಕ್ಕಿಗೆ ತಿರುಗಿಸಿದ್ದು. ಯಾವ ಕೈಯಿಂದ ಸುತ್ತುವ ರೀಲು ಎಂಬುದನ್ನೂ ಕೇಳಿ.

ಪರ್ಫೆಕ್ಟ್ ಬಿಚ್ಚಲು ಹೇಳುವಾಗ ಮಾತ್ರ ಎಚ್ಚರಿಕೆ ಸೇರಿಸಿ. ಡ್ರಮ್ಮು ತೆಗೆಯುತ್ತಿದ್ದಂತೆ ಬೇರಿಂಗಿನ ಗುಂಡುಗಳು ಉದುರಬಹುದು. ಅಂಚಿರುವ ತಟ್ಟೆಯಲ್ಲಿ ಬಟ್ಟೆ ಹಾಸಿ ಅದರ ಮೇಲೆಯೇ ಬಿಚ್ಚಬೇಕು. ಮಾರುವವರಿಗೆ ಧೈರ್ಯವಿಲ್ಲದಿದ್ದರೆ ಒತ್ತಾಯಿಸಬೇಡಿ, ಆ ಅನಿಶ್ಚಿತತೆಗೆ ತಕ್ಕಂತೆ ನಿಮ್ಮ ಬಿಡ್ಡನ್ನೇ ಇಳಿಸಿ. ಅವರ ಉತ್ತರ ಹರಾಜಿನ ಜಾಲತಾಣದ ಸಂದೇಶ ಪೆಟ್ಟಿಗೆಯಲ್ಲೇ ಇರಲಿ, ವಾಟ್ಸಾಪಿಗೆ ಹೋಗಬೇಡಿ. ಮುಂದೆ ತಕರಾರು ಬಂದರೆ ‘ಪಾದ ತಿಕ್ಕಿಲ್ಲ’ ಎಂದು ಬರೆದ ಆ ಒಂದು ಸಾಲೇ ನಿಮ್ಮ ಸಾಕ್ಷಿ.

ಲೆಕ್ಕ: ಕೊನೆಯಿಂದ ಹಿಂದಕ್ಕೆ

ಹರಾಜು ಮನೆಗಳಲ್ಲಿ ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಬ್ರಿಟನ್ನಿನ ಒಂದು ಹರಾಜಿನ ಲೆಕ್ಕ ಮಾಡೋಣ. ಸುತ್ತಿಗೆ ಬೆಲೆ 200 ಪೌಂಡ್, ಕೊಳ್ಳುವವರ ಕಮಿಷನ್ 24 ಶೇಕಡಾ, ಅದರ ಮೇಲೆ 20 ಶೇಕಡಾ ವ್ಯಾಟ್ ಎಂದಿಟ್ಟುಕೊಳ್ಳಿ. ಕಮಿಷನ್ 48, ವ್ಯಾಟ್ 9.60. ಆನ್‌ಲೈನ್ ವೇದಿಕೆಯ ಶುಲ್ಕ 5 ಶೇಕಡಾ ಇದ್ದರೆ 10, ಅದರ ವ್ಯಾಟ್ 2. ಒಟ್ಟು 269.60. ಅಂಚೆ ಮತ್ತು ವಿಮೆ 35 ಸೇರಿದರೆ 304.60 ಪೌಂಡ್. ಇದಿನ್ನೂ ಬೆಂಗಳೂರಿನ ಕಸ್ಟಮ್ಸ್ ತಲುಪಿಲ್ಲ.

ಆದ್ದರಿಂದ ಲೆಕ್ಕ ಹಿಂದಿನಿಂದ ಮಾಡಿ. ಕಸ್ಟಮ್ಸಿಗೆ ಮುಂಚೆ ನಿಮ್ಮ ಮಿತಿ 300 ಪೌಂಡ್ ಎಂದಾದರೆ, ಅಂಚೆಯ 35 ಕಳೆದು 265. ಅದನ್ನು 1.348ರಿಂದ ಭಾಗಿಸಿ (ಮೇಲಿನ ಲೆಕ್ಕದ 269.60 ಅನ್ನು 200ರಿಂದ ಭಾಗಿಸಿದರೆ ಬರುವುದು ಇದೇ). ಬಂದದ್ದು ಸುಮಾರು 196. ಅದೇ ನಿಮ್ಮ ಗರಿಷ್ಠ ಬಿಡ್. ಈ ಸಂಖ್ಯೆಯನ್ನು ಹರಾಜಿನ ಹಿಂದಿನ ದಿನವೇ ಕಾಗದದ ಮೇಲೆ ಬರೆದಿಡಿ. ಕಮಿಷನ್ನು, ವೇದಿಕೆ ಶುಲ್ಕ ಹರಾಜು ಮನೆಯಿಂದ ಮನೆಗೆ ಬೇರೆ ಇರುತ್ತವೆ. ಷರತ್ತುಗಳ ಪುಟ ತೆರೆದು ನೋಡಿ, ದೇಶದ ಹೊರಗೆ ಕಳಿಸಿದರೆ ವ್ಯಾಟ್ ಹಿಂದಿರುಗುತ್ತದೆಯೇ ಎಂದೂ ಕೇಳಿ. ವಿದೇಶಿ ಕರೆನ್ಸಿಗೆ ನಿಮ್ಮ ಕಾರ್ಡ್ ಬ್ಯಾಂಕು ಮುರಿದುಕೊಳ್ಳುವ ಪಾಲನ್ನೂ ಸೇರಿಸಿ.

ಬಿಡ್ ಹಾಕುವುದು

ಇಬೇಯಲ್ಲಿ ನೀವು ಹಾಕುವುದು ಗರಿಷ್ಠ ಮೊತ್ತ. ಎದುರಿನವರ ಗರಿಷ್ಠಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೆ ಮಾತ್ರ ಯಂತ್ರ ನಿಮ್ಮ ಪರವಾಗಿ ಏರಿಸುತ್ತದೆ. ನಿಮ್ಮದು 163.50, ಎದುರಿನವರದು 120 ಇದ್ದರೆ ನಿಮಗೆ 122ಕ್ಕೆ ಸಿಗುತ್ತದೆ, ಏಕೆಂದರೆ ಬ್ರಿಟನ್ನಿನ ತಾಣದಲ್ಲಿ ಆ ಹಂತದ ಮೆಟ್ಟಿಲು 2 ಪೌಂಡ್. ಎಲ್ಲರೂ 150, 200 ಎಂದು ದುಂಡು ಸಂಖ್ಯೆಯಲ್ಲಿ ನಿಲ್ಲುತ್ತಾರೆ. 153.37ರಂಥ ಸಂಖ್ಯೆ ಹಾಕಿದರೆ ಅದೇ ಮೂರು ಪೌಂಡಿನಲ್ಲಿ ಗೆಲುವು ಬರಬಹುದು.

ಯಾವಾಗ ಹಾಕಬೇಕು? ಕೊನೆಯ ಎಂಟು ಹತ್ತು ಸೆಕೆಂಡಿನಲ್ಲಿ, ಒಂದೇ ಸಲ, ನಿಮ್ಮ ಪೂರ್ತಿ ಗರಿಷ್ಠವನ್ನು. ಮೊದಲೇ ಹಾಕಿದರೆ ಇತರರಿಗೆ ಆಸಕ್ತಿ ಇದೆ ಎಂದು ಡಂಗುರ ಹೊಡೆದಂತೆ, ಅವರು ಎರಡೆರಡು ಪೌಂಡ್ ಏರಿಸುತ್ತ ನಿಮ್ಮ ಮಿತಿ ತಡಕುತ್ತಾರೆ. ಇಬೇಯ ಗಡಿಯಾರ ನಿಗದಿತ ಕ್ಷಣಕ್ಕೆ ನಿಲ್ಲುತ್ತದೆ. ಹರಾಜು ಮನೆಗಳ ಕಾಲಬದ್ಧ ಹರಾಜಿನಲ್ಲಿ ಹಾಗಲ್ಲ: ಕೊನೆಗಳಿಗೆಯಲ್ಲಿ ಬಿಡ್ ಬಂದರೆ ಹಲವು ಕಡೆ ಸಮಯ ಮುಂದಕ್ಕೆ ಹೋಗುತ್ತದೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ರಾತ್ರಿ 8ಕ್ಕೆ ಮುಗಿಯುವ ಹರಾಜು ನಮಗೆ ಬೇಸಿಗೆಯಲ್ಲಿ 12.30, ಚಳಿಗಾಲದಲ್ಲಿ 1.30. ನಿದ್ದೆಗಣ್ಣಿನಲ್ಲಿ ಮಿತಿ ಮೀರುವವರೇ ಹೆಚ್ಚು, ಅದಕ್ಕೇ ಕಾಗದದ ಮೇಲಿನ ಸಂಖ್ಯೆ. ಸೋತರೆ ಸೋತಿರಿ. ಮಾಮೂಲಿ ಗಾತ್ರದ ಪರ್ಫೆಕ್ಟ್ ಇಂದು ತಪ್ಪಿದರೆ ಕೆಲವು ವಾರಗಳಲ್ಲಿ ಇನ್ನೊಂದು ಬಂದೇ ಬರುತ್ತದೆ.

ರಾಶಿಯಾಗಿ ಮಾರುವ ಲಾಟುಗಳನ್ನು ನಿಧಾನವಾಗಿ ನೋಡಿ. ಹತ್ತು ಸಾಮಾನಿನ ಫೋಟೊದ ಮೂಲೆಯಲ್ಲಿ ಅರ್ಧ ಕಾಣುವ ರೀಲಿನ ತೂತುಗಳ ವಿನ್ಯಾಸ, ಹಿಡಿಗುಬ್ಬಿಯ ಆಕಾರ ಗುರುತಿಸಬಲ್ಲವರಿಗೆ ಒಳ್ಳೆಯ ಕೊಳ್ಳುವಿಕೆ ಸಿಗುವುದು ಇಲ್ಲೇ.

ಕೊಳ್ಳಬಾರದ್ದು

ದಂತದ ಹಿಡಿಯ ರೀಲುಗಳು 19ನೇ ಶತಮಾನದಲ್ಲಿ ಇದ್ದವು. ಅವುಗಳನ್ನು ಮುಟ್ಟಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಬ್ರಿಟನ್ನಿನಲ್ಲೂ 2018ರ ದಂತ ಕಾಯ್ದೆ 2022ರ ಜೂನಿನಿಂದ ಜಾರಿಯಲ್ಲಿದೆ. ಐವರೀನ್ ಪ್ಲಾಸ್ಟಿಕ್ಕನ್ನು ದಂತವೆಂದು ತಪ್ಪಾಗಿ ಬರೆಯುವ ಮಾರಾಟಗಾರರೂ ಇದ್ದಾರೆ. ಆ ಪದ ವಿವರಣೆಯಲ್ಲಿ ಇದ್ದರೆ ಕಸ್ಟಮ್ಸಿನಲ್ಲಿ ನಿಮಗೇ ತೊಂದರೆ, ಮೊದಲೇ ತಿದ್ದಿಸಿ. ನಿಜವಾದ ದಂತದಲ್ಲಿ ಅಡ್ಡಗೆರೆಗಳು ಒಂದನ್ನೊಂದು ದಾಟುವ ಬಲೆಯಂತೆ ಕಾಣುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಗೆರೆಗಳಿದ್ದರೂ ಅವು ಬರೀ ಸಮಾನಾಂತರ.

ಹಳೆಯ ಸಾಲ್ಮನ್ ಗಾಳದ ‘ಫ್ಲೈ’ಗಳ, ಅಂದರೆ ಗರಿ ಕಟ್ಟಿ ಮಾಡಿದ ಹುಸಿ ಎರೆಯ ಕೊಕ್ಕೆಗಳ ವಿಷಯ ನಮಗೆ ಇನ್ನೂ ಹತ್ತಿರದ್ದು. ಅವುಗಳ ಪಕ್ಕದಲ್ಲಿ ಕಣ್ಣಿನಂತೆ ಹೊಳೆಯುವ ಕೆನೆಬಣ್ಣದ ಚುಕ್ಕೆಯ ಗರಿ ಕಾಣುತ್ತದಲ್ಲ, ಅದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯದು. ಗರಿಯ ತುದಿ ಮೇಣ ಸವರಿದಂತೆ ಗಟ್ಟಿಯಾಗಿ, ನುಣುಪಾಗಿರುತ್ತದೆ, ನೀರಿನಲ್ಲೂ ಮಂಕಾಗುವುದಿಲ್ಲ. ಆ ಗುಣಕ್ಕಾಗಿ ಎಷ್ಟೋ ಹುಂಜಗಳು ಸತ್ತವು. ಬ್ರಿಟಿಷ್ ಭಾರತ ಸರಕಾರವೇ 1902ರಲ್ಲಿ ಗರಿಗಳ ರಫ್ತು ನಿಷೇಧಿಸಬೇಕಾಯಿತು. ಇಂದು ಈ ಹಕ್ಕಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಇಂಥ ಗರಿಯಿರುವ ಫ್ಲೈಗಳನ್ನು ಭಾರತಕ್ಕೆ ತರಿಸಬೇಡಿ.

ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಸಿಕ್ಕಿದ್ದನ್ನು ವಿದೇಶದ ಹರಾಜಿಗೆ ಕಳಿಸುವ ಯೋಚನೆ ಇದ್ದರೆ ಇದನ್ನೂ ತಿಳಿದಿರಿ: ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಹೊರಗೆ ಕಳಿಸುವ ಮೊದಲು ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ವಿಚಾರಿಸಿ.

ಪ್ಯಾಕಿಂಗ್, ಕಸ್ಟಮ್ಸ್

ಪ್ಯಾಕಿಂಗ್ ಹೇಗಿರಬೇಕೆಂದು ನೀವೇ ಬರೆದು ತಿಳಿಸಿ. ರೀಲು ಮೊದಲು ಮೆತ್ತನೆಯ ಬಟ್ಟೆಯಲ್ಲಿ, ಆಮೇಲೆ ಗುಳ್ಳೆ ಪ್ಲಾಸ್ಟಿಕ್ಕಿನ ಎರಡು ಸುತ್ತು, ಆಮೇಲೆ ಪ್ರತಿ ಬದಿಯಲ್ಲೂ 5 ಸೆಂಟಿಮೀಟರ್ ತುಂಬುವಷ್ಟು ಮೆತ್ತೆಯಿರುವ ಗಟ್ಟಿ ಡಬ್ಬ. ಹಿಡಿಗುಬ್ಬಿಯ ಮೇಲೆ ಭಾರ ಬೀಳಬಾರದು, ಅದರ ಕಡ್ಡಿ ಬಾಗಿದರೆ ನೇರ ಮಾಡುವಾಗ ಮುರಿಯುತ್ತದೆ. ಕೋಲಾದರೆ ಗಟ್ಟಿ ಪಿವಿಸಿ ಪೈಪು. ಕೊರಿಯರ್ ಕಂಪನಿಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಕಟ್ಟುವುದು ವಾಡಿಕೆ. 150 ಸೆಂಟಿಮೀಟರ್ ಉದ್ದ, 10 ಅಗಲ, 10 ಎತ್ತರದ ಪೊಟ್ಟಣ ಅರ್ಧ ಕಿಲೊ ತೂಗಿದರೂ 3 ಕಿಲೊ ದರ ಬೀಳುತ್ತದೆ. ಇದನ್ನು ಬಿಡ್‌ಗೆ ಮೊದಲೇ ಲೆಕ್ಕ ಹಾಕಿ.

ಕಸ್ಟಮ್ಸ್ ಚೀಟಿಯಲ್ಲಿ ‘ಹಳೆಯ, ಬಳಸಿದ ಮೀನುಗಾರಿಕೆ ರೀಲು’ ಎಂದು ಸ್ಪಷ್ಟವಾಗಿರಲಿ. ರೀಲಿನ ಸುಂಕ ಸಂಕೇತ 9507.30, ಕೋಲಿನದು 9507.10. ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಿಗೆ 9706 ಎಂಬ ಬೇರೆಯೇ ಶೀರ್ಷಿಕೆ ಇದೆ, ಆದರೆ ವಯಸ್ಸಿಗೆ ದಾಖಲೆ ಕೇಳುತ್ತಾರೆ. ಹರಾಜು ಮನೆಯ ಇನ್‌ವಾಯ್ಸಿನಲ್ಲಿ ಅಂದಾಜು ಇಸವಿ ಬರೆಸಿಕೊಳ್ಳಿ. ಸುಂಕದ ದರ ಬದಲಾಗುತ್ತಿರುತ್ತದೆ. ಆ ತಿಂಗಳ ದರವನ್ನು ಕೊರಿಯರಿನವರಲ್ಲೇ ಕೇಳಿ ಲೆಕ್ಕಕ್ಕೆ ಹಾಕಿ. ಬೆಲೆ ಕಡಿಮೆ ಬರೆಯಿರಿ ಎಂದು ಮಾರುವವರಿಗೆ ಹೇಳಬೇಡಿ: ಪೊಟ್ಟಣ ಕಳೆದರೆ ವಿಮೆ ಸಿಗುವುದು ಆ ಬರೆದ ಬೆಲೆಗಷ್ಟೇ, ಸಿಕ್ಕಿಬಿದ್ದರೆ ದಂಡ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ನೆಂಟರ ವಿಳಾಸಕ್ಕೆ ತರಿಸಿ ಊರಿಗೆ ಬರುವಾಗ ತರಿಸಿಕೊಳ್ಳುವವರು, ಕೊಕ್ಕೆಗಳು ವಿಮಾನದ ಕೈಚೀಲದಲ್ಲಿ ಇರದಂತೆ ಹೇಳಬೇಕು. ಹಾಗೆ ತರಿಸಿದ್ದಕ್ಕೂ ಕಸ್ಟಮ್ಸ್ ನಿಯಮ ತಪ್ಪಿದ್ದಲ್ಲ.

ಪೊಟ್ಟಣ ಕೈಗೆ ಬಂದ ಮೇಲೆ

ಬಿಚ್ಚುವುದನ್ನು ವಿಳಾಸದ ಚೀಟಿಯಿಂದ ಹಿಡಿದು ಕೊನೆಯವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ಹರಾಜಿನ ಪುಟದ ಫೋಟೊಗಳ ಜೊತೆ ಒಂದೊಂದು ಗೀರನ್ನೂ ಹೋಲಿಸಿ, ಪಾದವನ್ನು ಅಳೆಯಿರಿ. ವಿವರಣೆಗೂ ವಸ್ತುವಿಗೂ ತಾಳೆಯಾಗದಿದ್ದರೆ ಕೂಡಲೇ ಬರೆಯಿರಿ, ಇಬೇಯಲ್ಲಿ ತಲುಪಿದ 30 ದಿನದೊಳಗೆ ದೂರು ದಾಖಲಾಗಬೇಕು. ತಕರಾರು ಮುಗಿಯುವ ತನಕ ರೀಲಿಗೆ ಎಣ್ಣೆ ಹಾಕುವುದಾಗಲಿ ಒರೆಸುವುದಾಗಲಿ ಬೇಡ.

ಶುಚಿ ಮಾಡುವಾಗ ಎಷ್ಟು ಕಡಿಮೆ ಮಾಡುತ್ತೀರೋ ಅಷ್ಟು ಒಳ್ಳೆಯದು. ಹಿತ್ತಾಳೆ ಪಾಲಿಶ್, ಸ್ಟೀಲ್ ನಾರು, ಹುಣಸೆಹಣ್ಣು, ನಿಂಬೆರಸ ಇವನ್ನು ದೂರವಿಡಿ. ಮನೆಯ ದೀಪದ ಕಂಬಕ್ಕೆ ಹುಣಸೆಹಣ್ಣು ಸರಿ, ನೂರು ವರ್ಷದ ಕಂಚಿನ ಲೇಪಕ್ಕೆ ಅದು ಐದು ನಿಮಿಷದ ಸಾವು. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಆಮೇಲೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸುವುದು. ಹಸಿರು ಕಿಲುಬು ಕಂಡರೆ ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಒಳಗೆ ಗಟ್ಟಿಯಾದ ಹಳೆ ಗ್ರೀಸನ್ನು ಸೀಮೆಎಣ್ಣೆ ತಾಗಿಸಿದ ಹತ್ತಿಕಡ್ಡಿಯಿಂದ ತೆಗೆಯಿರಿ. ಐವರೀನ್ ಗುಬ್ಬಿಗೆ, ಬಣ್ಣಕ್ಕೆ ಅದು ತಗಲದಿರಲಿ. ಬೇರಿಂಗಿನ ಗುಂಡು ಬಿಚ್ಚುವ ಮೊದಲೇ ಫೋಟೊ ತೆಗೆದು ಎಣಿಸಿಡಿ. ಜೋಡಿಸುವಾಗ ಬೇರಿಂಗಿಗೂ ಚೆಕ್ಕಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು, ಹೆಚ್ಚಾದರೆ ದೂಳು ಹಿಡಿದು ಮಸಿಯಾಗುತ್ತದೆ. ಸ್ಕ್ರೂ ಅಲುಗದಿದ್ದರೆ ಬಲ ಹಾಕಬೇಡಿ. ಎಣ್ಣೆ ಹನಿಸಿ ಒಂದು ರಾತ್ರಿ ಬಿಡಿ, ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರನ್ನೇ ಬಳಸಿ.

ಇಡುವಾಗ ನಮ್ಮ ಹವೆಯೇ ದೊಡ್ಡ ಶತ್ರು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಆಷಾಢದ ತೇವ ಒಂದೇ ಮಳೆಗಾಲದಲ್ಲಿ ಕಿಲುಬು ತರಿಸುತ್ತದೆ. ರೀಲಿನ ಜೊತೆ ಅಸಲಿ ಚರ್ಮದ ಡಬ್ಬಿ ಬಂದಿದ್ದರೆ ಬೆಲೆ ಹೆಚ್ಚು, ನಿಜ. ಆದರೆ ರೀಲನ್ನು ಅದರೊಳಗೆ ಇಡಬೇಡಿ. ಚರ್ಮ ಹದ ಮಾಡಿದ ಆಮ್ಲ ತೇವದ ಜೊತೆ ಸೇರಿ ಹಿತ್ತಾಳೆಯನ್ನು ತಿನ್ನುತ್ತದೆ. ಡಬ್ಬಿ ಒಂದು ಕಡೆ, ರೀಲು ಒಗೆದ ಹತ್ತಿ ಚೀಲದಲ್ಲಿ ಇನ್ನೊಂದು ಕಡೆ. ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ 50 ಗ್ರಾಂ ಹಾಕಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಬಳಸಿ. ಬಿಗಿತ ಹೊಂದಿಸುವ ತಿರುಪಿದ್ದರೆ ಪೂರ್ತಿ ಸಡಿಲಿಸಿಡಿ, ಸ್ಪ್ರಿಂಗು ಸೋಲುವುದಿಲ್ಲ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಡಬ್ಬಿ, ಹುಸಿಮೀನುಗಳನ್ನು ಬೇರೆಯೇ ಇಡಬೇಕು. ಅವು ಹಳತಾದಂತೆ ಬಿಡುವ ಆಮ್ಲದ ಆವಿ ಪಕ್ಕದ ಲೋಹವನ್ನೆಲ್ಲ ಹಾಳು ಮಾಡುತ್ತದೆ. ಕರ್ಪೂರದಂಥ ಅಥವಾ ಹುಳಿ ವಾಸನೆ ಬಂದರೆ ಅದೇ ದಿನ ಹೊರಗೆ ತೆಗೆಯಿರಿ.

ಪ್ರತಿ ರೀಲಿಗೂ ಹತ್ತಿ ದಾರದಲ್ಲಿ ಒಂದು ಸಣ್ಣ ಚೀಟಿ ಕಟ್ಟಿ, ಅದರ ಮೇಲೆ ಸಂಖ್ಯೆ. ಅದೇ ಸಂಖ್ಯೆಯಡಿ ನೋಟ್‌ಬುಕ್ಕಿನಲ್ಲಿ ಕೊಂಡ ದಿನಾಂಕ, ಸುತ್ತಿಗೆ ಬೆಲೆ, ಮನೆ ಸೇರುವಾಗ ಆದ ಒಟ್ಟು ಖರ್ಚು, ಪಾದದ ಅಳತೆ, ಒಳಗಿನ ಅಕ್ಷರಗುರುತು, ನೀವು ಮಾಡಿದ ದುರಸ್ತಿ. ಹರಾಜಿನ ಪುಟದ ಫೋಟೊಗಳನ್ನು ಕೊಂಡ ದಿನವೇ ಉಳಿಸಿಟ್ಟುಕೊಳ್ಳಿ, ಕೆಲವು ತಿಂಗಳಲ್ಲಿ ಆ ಪುಟ ಮಾಯವಾಗುತ್ತದೆ. ಮಾರಿದವರು ‘ಇದು ನಮ್ಮ ತಾತ ಕೊಡಗಿನ ತೋಟದಲ್ಲಿದ್ದಾಗ ಬಳಸಿದ್ದು’ ಎಂದು ಒಂದು ಸಾಲು ಬರೆದಿದ್ದರೆ ಅದನ್ನೂ ಅಚ್ಚು ತೆಗೆದು ಚೀಟಿಯ ಜೊತೆ ಸೇರಿಸಿಡಿ.